ಬದಲಿ ಡಿಸ್ಕನ್ನು ನಾನು ಡ್ಯೂಟಿಗೆ ಹಾಕಿದ್ದು

ನನಗೆ ಬರೆಯಲು ಬರುವುದು ನನ್ನ ಹೆಸರು ಮತ್ತು ನೂರರವರೆಗಿನ ಅಂಕಿ. ಉಳಿದದ್ದನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಹೇಗೋ ಎಳೆಯುತ್ತೇನೆ. ಇಷ್ಟು ವಿದ್ಯೆ ಇಟ್ಟುಕೊಂಡು ದಾಂಡೇಲಿಯ ಒಂದು ಕಾರ್ಖಾನೆಯ ಕಂಪ್ಯೂಟರ್ ವ್ಯವಸ್ಥೆಯನ್ನು ಸುಧಾರಿಸಲು ಹೋದೆ. ಯಾರೂ ಕೇಳಿರಲಿಲ್ಲ. ಒಳ್ಳೆಯ ಕೆಲಸಕ್ಕೆ ಯಾರಾದರೂ ಕೇಳಬೇಕು ಎಂದೇನಿದೆ?

ನಮ್ಮ ಮನೆಯವರು ಅದೇ ಕಾರ್ಖಾನೆಯಲ್ಲಿ ದುಡಿದವರು. ಅವರು ತೀರಿಕೊಂಡ ಮೇಲೆ ನನಗೆ ಕಸ ಗುಡಿಸುವ ಕೆಲಸ ಸಿಕ್ಕಿತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಕಂಪ್ಯೂಟರ್ ಖೋಲಿ ನನ್ನ ಪಾಲಿಗೆ ಬಂತು. ಅಲ್ಲಿ ಹಗಲೆಲ್ಲ ತಂಪು ಗಾಳಿ ಬಿಡುತ್ತಿದ್ದರು. ಹಾಗಾಗಿ ಇಡೀ ಕಾರ್ಖಾನೆಯಲ್ಲಿ ಎಲ್ಲಕ್ಕಿಂತ ಸ್ವಚ್ಛವಾದ ಖೋಲಿ ಅದು. ಬೇಸಿಗೆಯಲ್ಲಿ ಇನ್ನೂ ಸ್ವಚ್ಛ!

ಮನೆಯವರದು ಒಂದೂ ಫೋಟೋ ನನ್ನ ಹತ್ತಿರ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಹಳಿಯಾಳದ ಸ್ಟುಡಿಯೋಕ್ಕೆ ಹೋಗಿದ್ದೆವು. ನಿಲ್ಲಿಸುವ ಜಾಗದ ಹಿಂದಿನ ಪರದೆಯಲ್ಲಿ ವಿಮಾನ ಬರೆದಿತ್ತು. ನಾನು ವಿಮಾನದಲ್ಲಿ ಹೋದವನಲ್ಲ, ಅದರ ಮುಂದೆ ನಿಂತು ಸುಳ್ಳು ಯಾಕೆ ಹೇಳಲಿ ಎಂದು ಅವರು ಹೊರಗೆ ಬಂದುಬಿಟ್ಟರು. ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ತಿಂದು ತಿರುಗಿ ಬಂದೆವು. ಮಿರ್ಚಿ ಚಲೋ ಇತ್ತು. ಫೋಟೋ ಆಗಲಿಲ್ಲ.

ಅವರು ಹೋಗಿ ಹತ್ತು ವರ್ಷ ಆಗಿರಬೇಕು. ಒಂದು ದಿನ ಭಾಂಡೆ ತಿಕ್ಕುತ್ತ ಅವರ ಮುಖ ನೆನಪು ಮಾಡಿಕೊಳ್ಳಲು ಹೋದೆ. ಅಂಗಿ ನೆನಪಿಗೆ ಬಂತು. ಮೀಸೆ ಬಂತು. ಕೆಮ್ಮು ಸಹ ಬಂತು. ಮೂಗು ಬರಲಿಲ್ಲ. ಅದು ಒಂದು ಕಡೆಗೆ ಸ್ವಲ್ಪ ವಾಲಿತ್ತು, ಅದು ಖರೆ. ಆದರೆ ಎಡಕ್ಕೋ ಬಲಕ್ಕೋ? ಇಪ್ಪತ್ತೆರಡು ವರ್ಷ ಆ ಮೂಗಿನ ಎದುರಿಗೆ ಕೂತು ರೊಟ್ಟಿ ಬಡಿಸಿದವಳು ನಾನು. ಅಳಲಿಲ್ಲ. ಒಂದೇ ಪಾತ್ರೆಯನ್ನು ಮೂರು ಸಲ ತಿಕ್ಕಿದೆ, ಅಷ್ಟೆ.

ಕಂಪ್ಯೂಟರ್ ನೋಡಿಕೊಳ್ಳುವವರು ದೇಸಾಯಿ ಸಾಹೇಬರು ಎಂಬ ಧಾರವಾಡದ ಹುಡುಗ. ನನ್ನನ್ನು ಆಯಿ ಎಂದೇ ಕರೆಯುತ್ತಿದ್ದರು. ಹಳೆಯ ಕೆಲಸಗಾರರ ಕಾಗದಗಳಿಗೆ ಗೆದ್ದಲು ಹತ್ತುವ ಮೊದಲೇ ಎಲ್ಲವನ್ನೂ ಕಂಪ್ಯೂಟರಿನೊಳಗೆ ಇಳಿಸಿದ್ದೇವೆ, ಫೋಟೋ ಸಹಿತ, ಕಾಗದ ಸುಟ್ಟಾಯಿತು, ಎಂದು ಒಮ್ಮೆ ಮಾತಿನಲ್ಲಿ ಮಾತು ಬಂತು. ನನ್ನ ಕೈಯಲ್ಲಿದ್ದ ಕಸಬರಿಗೆ ನಿಂತಿತು.

"ನಮ್ಮ ಮನಿಯವರದೂ ಇರಬೇಕಲ್ರಿ?" ಎಂದೆ.

"ಹೆಸರ ಹೇಳ್ರಿ ಆಯಿ, ನೋಡೂಣು."

"ಹೆಸರ ಹೇಳೂದಿಲ್ಲ. ಟೋಕನ್ ನಂಬರ ಹೇಳ್ತೇನಿ."

ಗಂಡನ ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ, ಆದರೆ ನಂಬರಿಗೆ ಅಡ್ಡಿಯಿಲ್ಲ. ಸಾಹೇಬರು ನಗುತ್ತ ಅದನ್ನು ಬರೆದುಕೊಂಡರು. ಹೊಸ ಮಷಿನ್ ಬಂದಿದೆ, ಎಲ್ಲವನ್ನೂ ಅದಕ್ಕೆ ಸಾಗಿಸುತ್ತಿದ್ದೇವೆ, ಎಂಟು ದಿನದಲ್ಲಿ ಬರುವ ದಸರೆಯ ಖಂಡೇ ಪೂಜೆ ಮುಗಿಯಲಿ, ಪ್ರಿಂಟರಿಗೆ ಬಣ್ಣದ ಶಾಯಿ ಬರಲಿ, ತೆಗೆದು ಕೊಡುತ್ತೇನೆ ಎಂದರು. ಹತ್ತು ವರ್ಷ ಕಾದವಳಿಗೆ ಆ ಎಂಟು ದಿನ ಸಾಗಲೇ ಇಲ್ಲ.

ಹೊಸ ಮಷಿನ್ ಎಂದರೆ ಕಬ್ಬಿಣದ ಕಪಾಟು. ಅದರಲ್ಲಿ ಬುತ್ತಿ ಡಬ್ಬಿಯಂಥ ಡಿಸ್ಕುಗಳು, ಒಂದೊಂದಕ್ಕೂ ಒಂದೊಂದು ಹಿಡಿಕೆ. ಮೇಲಿನ ಸಾಲಿನಲ್ಲಿ ನಾಲ್ಕು, ಕೆಳಗಿನ ಸಾಲಿನಲ್ಲಿ ಐದು. ಯಾರ ಲೆಕ್ಕ ಯಾವ ಸಾಲಿಗೆ ಎಂದು ಸಾಹೇಬರು ಕಾಗದದ ಮೇಲೆ ಚೌಕ ಬರೆಯುತ್ತಿದ್ದರು, ಅಳಿಸುತ್ತಿದ್ದರು. ಡಿಸ್ಕುಗಳನ್ನು ಹೀಗೆ ಜೋಡಿಸುವುದಕ್ಕೆ ರೇಡ್ ಅನ್ನುತ್ತಾರೆ ಎಂದರು. ನಾನು ನೆಲ ಒರೆಸುತ್ತ ಇಣುಕಿ ನೋಡುತ್ತಿದ್ದೆ. ಅವರಿಗೂ ಬೇಸರ ಬಂದಿರಬೇಕು, ತಿಳಿಸಿ ಹೇಳಿದರು.

ಕೆಳಗಿನ ಸಾಲಿನಲ್ಲಿ ಈಗ ಕೆಲಸದಲ್ಲಿರುವವರ ಹಾಜರಿ. ನಾಲ್ಕು ಡಿಸ್ಕು ಕೂಡಿ ಬರೆದುಕೊಳ್ಳುತ್ತವೆ. ಒಂದು ಕೆಟ್ಟರೆ, ಅದು ಏನು ಹೇಳುತ್ತಿತ್ತು ಎಂಬುದನ್ನು ಉಳಿದ ಮೂರು ಕೂಡಿ ಹೇಳುತ್ತವೆ. ಐದನೆಯದು ಸುಮ್ಮನೆ ಕೂತಿರುತ್ತದೆ. ಯಾವುದಾದರೂ ಕೆಟ್ಟ ಕೂಡಲೇ ಅದರ ಕೆಲಸಕ್ಕೆ ನಿಲ್ಲುತ್ತದೆ. ನಮ್ಮ ಗೇಟಿನ ಬದಲಿ ಕೆಲಸಗಾರ ಇದ್ದ ಹಾಗೆ.

ಬದಲಿ ಎಂದರೆ ನನಗೆ ಹೇಳಿಕೊಡಬೇಕೇ? ಮನೆಯವರು ಏಳು ವರ್ಷ ಬದಲಿ ಇದ್ದರು. ದಿನಾ ಬುತ್ತಿ ಕಟ್ಟಿಕೊಂಡು ಅಂಬೇವಾಡಿಯಿಂದ ಹೋಗಿ ಗೇಟಿನ ಹತ್ತಿರ ಕೂಡುವುದು. ಕಾಯಂ ಆದವನು ಯಾರಾದರೂ ಬರದಿದ್ದರೆ ಒಳಗೆ ಕರೆಯುತ್ತಿದ್ದರು. ಇಲ್ಲದಿದ್ದರೆ ಬುತ್ತಿ ಬಿಚ್ಚದೆ ತಿರುಗಿ ಬರುವುದು. ತುಂಬಿದ ಡಬ್ಬಿಯನ್ನು ಕಟ್ಟೆಯ ಮೇಲೆ ಇಡುವಾಗ ಅವರು ಸಪ್ಪಳವೇ ಮಾಡುತ್ತಿರಲಿಲ್ಲ. ಆ ಸಪ್ಪಳ ಇಲ್ಲದ್ದು ನನಗೆ ಇನ್ನೂ ಕೇಳಿಸುತ್ತದೆ.

ಮೇಲಿನ ಸಾಲು ಯಾರದು ಎಂದು ಕೇಳಿದೆ. ನಿವೃತ್ತಿ ಆದವರದು, ತೀರಿಹೋದವರದು. ನಾಲ್ಕು ಡಿಸ್ಕಿಗೂ ಚೂರು ಚೂರು ಹಂಚಿದೆ, ಒಂದು ಡಿಸ್ಕಿನ ಚೂರು ಇನ್ನೊಂದಕ್ಕೆ ಗೊತ್ತಿಲ್ಲ. ಒಂದು ಹೋದರೂ ಎಲ್ಲ ಹೋದ ಹಾಗೆ. ಹಳೆಯ ಮಷಿನ್ ಗುಜರಿಗೆ ಹೋಗಿದೆ, ಇದರಲ್ಲಿ ಡಿಸ್ಕು ಸಾಲಲಿಲ್ಲ, ಇನ್ನಷ್ಟು ಬಂದ ಮೇಲೆ ಸರಿಮಾಡುತ್ತೇನೆ ಎಂದರು.

"ಹೋದವ್ರಿಗೆ ಬದಲಿ ಇಲ್ಲೇನ್ರಿ ಸಾಹೇಬ್ರ?"

"ಹೋದವ್ರು ಡ್ಯೂಟಿಗೆ ಬರೂದಿಲ್ಲಲಾ ಆಯಿ. ಅವ್ರಿಗೆ ಯಾಕ ಬದಲಿ?"

ಎಷ್ಟು ಓದಿದ ಹುಡುಗ, ಎಂಥ ಮಾತು! ಮೇಲೆ ನಮ್ಮ ಮನೆಯವರು ಕಾವಲಿಲ್ಲದೆ ಇದ್ದಾರೆ. ಕೆಳಗೆ ಒಬ್ಬ ಕೆಲಸವಿಲ್ಲದೆ ಕೂತಿದ್ದಾನೆ. ಇದನ್ನು ಸರಿಪಡಿಸಲು ಎಷ್ಟು ಬುದ್ಧಿ ಬೇಕು? ನನ್ನಷ್ಟು ಸಾಕು ಎಂದುಕೊಂಡೆ.

ಖಂಡೇ ಪೂಜೆಯ ದಿನ ಕಾರ್ಖಾನೆಯಲ್ಲಿ ಒಂದು ಸ್ಪ್ಯಾನರನ್ನೂ ಬಿಡದೆ ತೊಳೆದು ಕುಂಕುಮ ಹಚ್ಚುತ್ತಾರೆ. ಹೊಸ ಮಷಿನ್ ನಡೆಯುತ್ತಿದೆ, ಹೊರಗಿನಿಂದ ಒರೆಸಿ ಒಂದು ಹೂವು ಇಡಿರಿ ಸಾಕು ಎಂದು ಹೇಳಿ ಸಾಹೇಬರು ದೊಡ್ಡ ಪೂಜೆಗೆ ಹೋದರು. ಖೋಲಿಯಲ್ಲಿ ನಾನು ಮತ್ತು ನನ್ನ ಜೊತೆ ಕಸ ಗುಡಿಸುವ ಶಾಂತವ್ವ ಉಳಿದೆವು.

ಮೊದಲು ಹಿಡಿಕೆ ಎಳೆದು ಬದಲಿ ಡಿಸ್ಕನ್ನು ಹೊರಗೆ ತೆಗೆದೆ. ಸಲೀಸಾಗಿ ಬಂತು, ಕರೆಯುವುದನ್ನೇ ಕಾಯುತ್ತಿದ್ದವನ ಹಾಗೆ. ಆದರೆ ಮೇಲಿನ ಸಾಲಿನಲ್ಲಿ ಖಾಲಿ ಜಾಗ ಇಲ್ಲ. ಆಗ ಹಬ್ಬದ ರೂಢಿ ನೆನಪಾಯಿತು. ಹಬ್ಬ ಬಂದರೆ ಬದಲಿಯನ್ನು ಕೆಲಸಕ್ಕೆ ಹಾಕಿ ಕಾಯಂ ಆದವನು ರಜೆ ತೆಗೆದುಕೊಳ್ಳುತ್ತಾನೆ. ಸರಿ, ಮೇಲಿನ ಮೂರನೆಯ ಡಿಸ್ಕಿಗೆ ರಜೆ ಕೊಟ್ಟೆ. ಅವನ ಜಾಗದಲ್ಲಿ ಬದಲಿಯನ್ನು ಕೂಡಿಸಿದೆ. ರಜೆಯವನನ್ನು ಕೆಳಗೆ, ಬದಲಿಯ ಜಾಗದಲ್ಲಿ, ದಣಿವಾರಿಸಿಕೊಳ್ಳಲು ಬಿಟ್ಟೆ.

ಮಷಿನ್ ಕುಂಯ್ ಎನ್ನತೊಡಗಿತು. ಮೇಲಿನ ಸಾಲಿನಲ್ಲಿ ಕೆಂಪು ದೀಪ ಹತ್ತಿತು. ಹಬ್ಬದ ದಿನ ಕೆಂಪು ಶುಭ ಎಂದೆ.

"ಅದು ಅಳಾಕತ್ತೈತಿ ನೋಡ" ಎಂದಳು ಶಾಂತವ್ವ.

"ಹೊಸ ಜಾಗಾ. ಒಂದೀಟ ಅಳತೈತಿ, ಆಮ್ಯಾಲ ರೂಢಿ ಆಗತೈತಿ" ಎಂದೆ.

ಅಷ್ಟಕ್ಕೆ ಬಿಟ್ಟಿದ್ದರೂ ಎಲ್ಲ ಉಳಿಯುತ್ತಿತ್ತಂತೆ! ಕೆಳಗಿನ ಸಾಲಿನ ಎರಡನೆಯ ಡಿಸ್ಕಿನ ಮೇಲೆ ಧೂಳು ಕಂಡಿತು. ಅದನ್ನೂ ಎಳೆದು ಸೆರಗಿನಿಂದ ಒರೆಸಿ, ಕುಂಕುಮ ಹಚ್ಚಿ, ಆರಲಿ ಎಂದು ಮೇಜಿನ ಮೇಲೆ ಇಟ್ಟೆ. ಕೂಡಲೇ ರಜೆಯವನ ಮುಂದಿನ ಹಸಿರು ದೀಪ ಪಿಳಿಪಿಳಿ ಎನ್ನತೊಡಗಿತು. ನೋಡು, ವಿಶ್ರಾಂತಿ ಸಿಕ್ಕಿದ್ದಕ್ಕೆ ಎಷ್ಟು ಖುಷಿ ಎಂದು ಶಾಂತವ್ವನಿಗೆ ತೋರಿಸಿದೆ. ಇಬ್ಬರೂ ಕೂತು ಚುರಮುರಿ ತಿಂದೆವು.

ಸಾಹೇಬರು ಹಣೆಗೆ ಕುಂಕುಮ ಇಟ್ಟುಕೊಂಡು ನಗುತ್ತ ಬಂದರು. ಮೇಜಿನ ಮೇಲಿನ ಡಿಸ್ಕನ್ನು ನೋಡಿದರು. ಕುರ್ಚಿಯಲ್ಲಿ ಕೂತರು. ಏನೇನು ಮಾಡಿದಿರಿ, ಒಂದೊಂದಾಗಿ ಹೇಳಿರಿ ಎಂದರು. ನಾನು ಹೆಮ್ಮೆಯಿಂದಲೇ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

"ಆಯಿ, ಬದಲಿ ಜಾಗಾದಾಗ ಯಾರ ಕುಂತ್ರೂ ಮಷಿನ್ನಿಗೆ ಅವನೇ ಬದಲಿ. ನೀವು ಕೆಳಗಿನ ಒಬ್ಬನ್ನ ಎಬ್ಬಿಸಿದ ಕೂಡ್ಲೆ, ಅವನ ಹಾಜರಿ ಎಲ್ಲಾ ಈ ರಜಾದಾಂವನ ಮ್ಯಾಲ ಬರೀತು. ಮೊದಲ ಏನಿತ್ತೋ ಅದು ಅಳಿಸಿ ಹೋತು."

"ಮತ್ತ ನಮ್ಮ ಮನಿಯವರು?"

ಅವರು ಮಷಿನ್ ಕಡೆ ತಿರುಗಿದರು.

ಕೆಲಸದಲ್ಲಿರುವವರ ಹಾಜರಿಗೆ ಏನೂ ಆಗಲಿಲ್ಲ. ಸತ್ತವರ ಮೇಲೆ ಅದನ್ನು ಸಾರಿಸಿದ್ದು ನಾನು. ಶಾಂತವ್ವನ ಮಾವನ ಫೋಟೋ ಸಹ ಹೋಯಿತು. ಅವಳ ಕಾಲು ಹಿಡಿಯುವುದೊಂದೇ ಬಾಕಿ ಎನ್ನುವ ಹಾಗೆ ತಪ್ಪಾಯಿತು ಎಂದೆ. ಪೀಡೆ ಹೋಯಿತು ಬಿಡು ಎಂದಳು. ಮರುದಿನದಿಂದ ನನ್ನನ್ನು ಹೊರಗಿನ ಅಂಗಳ ಗುಡಿಸಲು ಹಾಕಿದರು. ಅಲ್ಲಿನ ಗಾಳಿಗೆ ತಂಪು ಮಾಡುವವರಿಲ್ಲ.

ಒಂದು ತಿಂಗಳ ಮೇಲೆ ಸಾಹೇಬರೇ ಅಂಗಳಕ್ಕೆ ಬಂದರು. ಉಳಿದ ಮೂರು ಡಿಸ್ಕಿನ ಚೂರುಗಳನ್ನು ದಿನಾ ಕೂತು ಹೊಂದಿಸಿ ನೋಡಿದ್ದರಂತೆ. ಕೈಯಲ್ಲಿ ಒಂದು ಕಾಗದ ಇತ್ತು. ಎಣ್ಣೆ ಹಚ್ಚಿ ಬಾಚಿದ ಕೂದಲು, ಹಣೆ, ಹುಬ್ಬು, ಎರಡು ಕಣ್ಣು. ಅಲ್ಲಿಂದ ಕೆಳಗೆ ಬರೀ ಬೂದಿ ಬಣ್ಣ.

"ಇವ್ರ ಹೌದೇನ್ರಿ ಆಯಿ?"

ಕಾಗದವನ್ನು ಬಿಸಿಲಿಗೆ ಹಿಡಿದೆ. ಆ ಕಣ್ಣುಗಳು ನನ್ನನ್ನು ದುರುಗುಟ್ಟಿ ನೋಡುತ್ತಿದ್ದವು, ಸಾರಿಗೆ ಉಪ್ಪು ಹೆಚ್ಚಾದ ದಿನ ನೋಡುತ್ತಿದ್ದ ಹಾಗೆ.

"ಹೌದ್ರಿ. ಇವರ."

ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ಅರ್ಧ ಗಂಡನನ್ನು ಯಾರಾದರೂ ತೂಗುಹಾಕುತ್ತಾರೇನೇ ಎಂದು ಶಾಂತವ್ವ ಬಂದಾಗಲೆಲ್ಲ ಕೇಳುತ್ತಾಳೆ. ಅವಳು ಹೋದ ಮೇಲೆ ನಾನು ಗಾಜಿನ ಮೇಲೆ ಬೆರಳಿನಿಂದ ಮೂಗು ಬರೆಯುತ್ತೇನೆ. ಒಂದು ದಿನ ಎಡಕ್ಕೆ ವಾಲಿಸಿ, ಒಂದು ದಿನ ಬಲಕ್ಕೆ. ಎಡಕ್ಕೆ ವಾಲಿಸಿದರೂ ಅವರೇ. ಬಲಕ್ಕೆ ವಾಲಿಸಿದರೂ ಅವರೇ. ಯಾವುದು ಖರೆ ಎಂದು ಹೇಳಬಲ್ಲವನು ಒಬ್ಬನಿದ್ದ, ಮೇಲಿನ ಸಾಲಿನಲ್ಲಿ ಮೂರನೆಯವನು. ಅವನಿಗೆ ನಾನೇ ರಜೆ ಕೊಟ್ಟೆ.