ಲಂಡನ್‌ನಿಂದ ಪ್ಯಾರಿಸ್‌ಗೆ, ಸಿಂದಗಿಯಿಂದ ಮುದ್ದೇಬಿಹಾಳಕ್ಕೆ

ನನ್ನ ಮೈದುನನಿಗೆ ಬಸ್ಸೆಂದರೆ ಹೆದರಿಕೆ. ನಡೆದದ್ದು ಇಷ್ಟೇ. ಲಂಡನ್, ಪ್ಯಾರಿಸ್, ವಿಮಾನ ಎಲ್ಲ ಆ ಹೆದರಿಕೆಯ ಮೇಲೆ ಹೊದಿಸಿದ ಕೌದಿ.

ನನ್ನ ಗಂಡ ತೀರಿದ ಮೇಲೆ ಸಿಂದಗಿಯ ನಮ್ಮ ಮನೆಯಲ್ಲಿ ಇದ್ದವರು ನಾನು, ಮೈದುನ, ಅವನ ತಾಯಿಯಿಲ್ಲದ ಮಗಳು. ಊರಿಗೆ ಆಗ ರೇಡಿಯೋ ಹೊಸದು. ಪಂಚಾಯತಿ ಕಟ್ಟೆಯಲ್ಲಿ ಒಂದು ಸಂಜೆ ಏನು ಕೇಳಿದನೋ, ಲಂಡನ್‌ನಿಂದ ಪ್ಯಾರಿಸ್‌ಗೆ ಇನ್ನೂರು ಮೈಲಿಯ ಮೇಲೆ, ವಿಮಾನಕ್ಕೆ ಒಂದು ತಾಸು ಚಿಲ್ಲರೆ ಎನ್ನುತ್ತ ಮನೆಗೆ ಬಂದವನು ಮುಂದೆ ವರ್ಷಗಟ್ಟಲೆ ಬೇರೆ ಮಾತೇ ಆಡಲಿಲ್ಲ. ಕೂತಲ್ಲಿ ಕೂಡುವ ಜೀವವೂ ಅಲ್ಲ. ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ತಿರುಗುತ್ತಲೇ ಹೇಳುವನು:

"ವೈನಿ, ನೀವು ಈ ಬುಟ್ಟಿ ರೊಟ್ಟಿ ಬಡಿಯೂದ್ರಾಗ ವಿಮಾನದಂವ ಲಂಡನ್ ಬಿಟ್ಟು ಪ್ಯಾರಿಸ್ ಮುಟ್ಟಿರ್ತಾನ್ರಿ."

"ಮುಟ್ಟಲಿ. ಅಲ್ಲಿ ಅಂವಗ ರೊಟ್ಟಿ ಯಾರು ಬಡದಿಟ್ಟಾರ ಕೇಳು."

ದಿನಾ ಬಸ್ ಸ್ಟ್ಯಾಂಡಿಗೆ ಹೋಗುವನು. ಇಂಡಿ ಊರಿನ ಬಸ್ಸು ತಡವಾದರೆ ಕಾದು ನಿಂತವರಿಗೆಲ್ಲ ವಿಮಾನದ ವೇಳೆ ಹೇಳುವನು. ಬಸ್ಸು ಬಂದರೆ ಹಿಂದೆ ಸರಿಯುವನು. ಒಮ್ಮೆ ಕಂಡಕ್ಟರ್ ತಡೆಯಲಾರದೆ ಕೇಳಿದನಂತೆ:

"ಕಾಕಾ, ನಿಮಗ ಎಲ್ಲೀದು ಟಿಕೀಟ ಹರೀಲಿ?"

"ಪ್ಯಾರಿಸ್‌ದು."

"ಚಿಲ್ಲರ ಇಟಗೊಂಡೀರೇನು ಮತ್ತ?"

ನಗುವವರು ನಗಲಿ. ಆದರೆ ಇದೇ ಅಳತೆಯಲ್ಲಿ ಮಗಳನ್ನೂ ಕೊಟ್ಟನಲ್ಲ, ಅದಕ್ಕೆ ಏನು ಹೇಳುವುದು? ಹತ್ತಿರದ ಇಂಡಿಯಿಂದ ಒಂದು ವರ ಬಂದಿತ್ತು, ಮುದ್ದೇಬಿಹಾಳದಿಂದ ಒಂದು. ಮುದ್ದೇಬಿಹಾಳ ದೂರವಾಯಿತು ಎಂದೆ.

"ಏನ್ ದೂರರಿ ವೈನಿ? ವಿಮಾನದಾಗಾದ್ರ ಎಲಿ ಅಡಿಕಿ ಹಾಕ್ಕೊಂಡು ಉಗುಳೂದ್ರಾಗ ಬಂತು."

"ಮುದ್ದೇಬಿಹಾಳಕ್ಕ ವಿಮಾನ ಹೊಂಟೈತೇನು?"

ಕೇಳಲಿಲ್ಲ. ಲಗ್ನ ನಮ್ಮ ಬಾಗಿಲಲ್ಲೇ ಆಯಿತು. ಹುಡುಗಿ ಹೋದಳು.

ನಾಗರ ಪಂಚಮಿ ಹತ್ತಿರ ಬಂತು. ತವರಿನವರು ಹೋಗಿ ಕರೆಯದೆ ನಮ್ಮ ಕಡೆ ಹೆಣ್ಣುಮಕ್ಕಳನ್ನು ಹಬ್ಬಕ್ಕೆ ಕಳಿಸುವುದಿಲ್ಲ. ದನದ ಸಂತೆಗೆ ಬಂದವನೊಬ್ಬನ ಕೂಡ ಬೀಗರು ಹೇಳಿಕಳಿಸಿದರು: ಹುಡುಗಿಯ ಅಪ್ಪ ಇದುವರೆಗೆ ನಮ್ಮ ಹೊಸ್ತಿಲು ತುಳಿದಿಲ್ಲ, ಈ ಸಲ ಅವನೇ ಬಂದರೆ ಕಳಿಸುತ್ತೇವೆ, ಇಲ್ಲವಾದರೆ ಇಲ್ಲ. ಹುಡುಗಿ ದಿನಾ ಬಾಗಿಲಲ್ಲಿ ನಿಂತಿರುತ್ತಾಳೆ ಎಂದು ಆ ಮನುಷ್ಯ ತಾನಾಗಿಯೇ ಸೇರಿಸಿದ.

ಮೈದುನ ಹೊಸ ರುಮಾಲು ಸುತ್ತಿಕೊಂಡು ಹೊರಟ. ಸಂಜೆಗೆ ನೋಡಿದರೆ ಒಬ್ಬನೇ, ಮೊಣಕಾಲಿನತನಕ ಧೂಳು. ಅರ್ಧ ದಾರಿಯೂ ಆಗದ ದೇವರ ಹಿಪ್ಪರಗಿಯಲ್ಲೇ ಬಸ್ಸಿಳಿದು ಊರಿನವರೆಗೂ ನಡೆದು ಬಂದಿದ್ದ.

"ಯಾಕೋ?"

"ಎಂಜಿನ್ ಸಪ್ಪಳ ಸರಿ ಇರಲಿಲ್ರಿ."

"ಅದು ನಿನ್ನ ಎದಿ ಸಪ್ಪಳ."

ಆವತ್ತು ಅತ್ತಿತ್ತ ತಿರುಗಾಡಲಿಲ್ಲ. ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತ.

"ವೈನಿ, ನಡಕೋಂತ ಹೋದ್ರ ಪಂಚಮಿಯೊಳಗ ಮುದ್ದೇಬಿಹಾಳ ಮುಟ್ತೇನೇನ್ರಿ?"

ಬೈಗುಳ ಬಾಯಿಗೆ ಬಂದಿತ್ತು. ನುಂಗಿದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವನನ್ನು ಹತ್ತಿಸಿ ಪಕ್ಕದಲ್ಲಿ ಕೂತೆ. ಗಂಡ ತೀರಿದ ಹೆಂಗಸು ಮೈದುನನ ಕೈ ಹಿಡಿದರೆ ಊರು ಸುಮ್ಮನಿರುತ್ತದೆಯೇ? ಕಿಟಕಿಯ ಹೊರಗೆ ಅರ್ಧ ಸಿಂದಗಿ ನಿಂತಿತ್ತು. ನೋಡಲಿ ಎಂದು ಅವನ ಕೈಯನ್ನು ಸೆರಗಿನಡಿ ಮುಚ್ಚದೆ ಮೇಲೆಯೇ ಹಿಡಿದೆ. ಬಾಗೇವಾಡಿಯಲ್ಲಿ ಇಳಿದು ಮುದ್ದೇಬಿಹಾಳದ ಬಸ್ಸು ಹತ್ತುವಾಗಲೂ ಬಿಡಲಿಲ್ಲ.