ಆಕಾಶದ ನಲ್ಲಿಗೆ ಮೋಟರು

ನನಗೆ ಸಿಟ್ಟು ಬರಿಸುವ ಸಂಗತಿಗಳು ಬಹಳವಿಲ್ಲ. ಆದರೆ ಬೀದಿ ನಲ್ಲಿಗೆ ಮೋಟರು ಹಚ್ಚಿ ನೀರೆಳೆಯುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಆದೋನಿಯ ನಮ್ಮ ಓಣಿಗೆ ನೀರು ಬಿಟ್ಟ ದಿನ, ಯಾವ ಮನೆಯೊಳಗೆ ಗುಂಯ್ ಎನ್ನುತ್ತಿದೆ ಎಂದು ಗೋಡೆಗಳಿಗೆ ಕಿವಿಗೊಟ್ಟು ತಿರುಗುವ ಪತ್ತೇದಾರ ನಾನೇ. ನಾನು ಊರಿಗೆಲ್ಲ ನ್ಯಾಯ ಹೇಳಿ ಬರುವಷ್ಟರಲ್ಲಿ ನಮ್ಮ ನಲ್ಲಿಯೇ ನಿಂತಿರುತ್ತದೆ ಎಂಬುದು ಹೆಂಡತಿ ಶಾರದಾಳ ದೂರು.

ಇಂಥ ನನಗೆ ಮನೆಯಲ್ಲೇ ಕೂತು ದೂರದವರೊಡನೆ ಮಾತಾಡುವ ಹವ್ಯಾಸಿ ರೇಡಿಯೋದ ಹುಚ್ಚು ಹಿಡಿಸಿದವರು ಹತ್ತಿರದ ಪತ್ತಿಕೊಂಡದ ವೀರಭದ್ರಪ್ಪ ಸಾರು. ತೆಲುಗಿನ ಸಹವಾಸದಿಂದ ನಮ್ಮ ಕಡೆ ಮೇಷ್ಟ್ರಿಗೆ ಸಾರು ಎನ್ನುತ್ತೇವೆ. ಅನ್ನಕ್ಕೆ ಕಲಸಿಕೊಳ್ಳುವ ಸಾರಲ್ಲ. ಹವ್ಯಾಸಿಗಳಿಗೆಂದೇ ಬಿಟ್ಟ ಪುಟ್ಟ ಉಪಗ್ರಹವೊಂದು ನಮ್ಮ ಮೇಲೆ ಹಾಯುವ ಹತ್ತು ನಿಮಿಷ, ಕೆಳಗಿನವರ ಮಾತನ್ನು ಹಿಡಿದು ಮತ್ತೆ ಕೆಳಗೆ ಕಳಿಸುತ್ತದೆ. ಅದರ ಶಕ್ತಿ ಕಡಿಮೆ, ಇದ್ದುದನ್ನೇ ಎಲ್ಲರಿಗೂ ಹಂಚಬೇಕು. ಒಬ್ಬ ಹೆಚ್ಚು ಪವರ್ ಹಾಕಿದರೆ ಉಳಿದವರ ದನಿ ಬತ್ತುತ್ತದೆ. ಅಳತೆ ಟೇಪು ಕತ್ತರಿಸಿ ತಾವೇ ಮಾಡಿದ ಆಂಟೆನಾ ಹಿಡಿದು, ಬರೀ ಐದು ವ್ಯಾಟಿನಲ್ಲಿ ನನ್ನೊಡನೆ ಒಮ್ಮೆ ಮಾತಾಡಬೇಕೆಂಬುದು ಸಾರಿನ ಆಸೆ. ಮೂರು ವಾರವಾದರೂ ಆಗಲಿಲ್ಲ. ಕೊನೆಗೆ ಫೋನು ಮಾಡಿದರು.

"ಯಾರೋ ಭಾಳ ಪವರ್ ಹಾಕಾಕತ್ಯಾರಪ, ನನ್ನ ದನಿ ಮ್ಯಾಲ ಏಳವಲ್ದು. ಕೈ ಬ್ಯಾರೆ ನಡುಗತಾವ. ಆಂಟೆನಾ ಇನ್ನ ಎಷ್ಟ್ ದಿನ ಹಿಡೀತೀನೋ ಏನೋ."

ನನಗೆ ಕರುಳು ಚುರುಕ್ಕೆಂದಿತು, ಹಿಂದೆಯೇ ಸಿಟ್ಟೂ ಬಂತು. ಆಕಾಶದಲ್ಲೂ ಮೋಟರು ಹಚ್ಚುವವರೇ? ಮರುದಿನವೇ ಉಪಗ್ರಹದ ಮೂಲಕ, ಆಕಾಶದ ನಲ್ಲಿಗೆ ಮೋಟರು ಹಚ್ಚಬೇಡಿ, ಎಲ್ಲರೂ ಪವರ್ ಕಡಿಮೆ ಮಾಡಿ ಎಂದು ಖಾರವಾಗಿ ಉಪದೇಶ ಮಾಡಿದೆ. ಉಪದೇಶ ಮಾಡಿದ್ದು ಐವತ್ತು ವ್ಯಾಟಿನಲ್ಲಿ. ನನ್ನ ದನಿ ಮೇಲಿನಿಂದ ತಿರುಗಿ ನನಗೇ ಕೇಳುತ್ತಿರಲಿಲ್ಲ, ಹಾಗಾಗಿ ಪವರಿನ ತಿರುಪನ್ನು ದಿನಾ ಒಂದಿಷ್ಟು ಏರಿಸಿಕೊಂಡು ಬಂದಿದ್ದೆ. ಹತ್ತಿ ಮಂಡಿಯ ಹರಾಜಿನಲ್ಲಿ ಕೂಗಿ ಬೆಳೆಸಿದ ಗಂಟಲಿಗೆ ಬೇರೆ ಉಪಾಯ ಹೊಳೆಯುವುದಿಲ್ಲ.

ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಲು ಹೋದ ಶಾರದಾ, ಕೇಳುವ ಆಂಟೆನಾದ ವೈರಿನ ತುದಿ ಕಿಲುಬು ಹಿಡಿದು ಹಸಿರಾದದ್ದನ್ನು ತೋರಿಸಿದಳು.

"ಏನ್ರಿ, ಕೇಳವಲ್ದಂದ್ರ ಮೊದಲು ಕಿವಿ ನೋಡ್ಕೋಬೇಕು. ನೀವು ಬಾಯಿ ದೊಡ್ಡದು ಮಾಡಾಕತ್ತೀರಿ. ಮೋಟ್ರು ಹಚ್ಚಿದಾಂವ ಮನಿಯಾಗ ಸಿಕ್ಕ ಬಿಡ್ರಿ."

ಪೌರುಷವೆಲ್ಲ ಇಳಿದುಹೋಯಿತು. ವೈರು ಬದಲಿಸಿ ಸಂಜೆ ಕೂತು ಮಾತಾಡಿದರೆ, ನನ್ನ ದನಿ ಗುಡುಗುತ್ತ ಇಳಿದುಬಂತು. ಉಪಗ್ರಹ ತಾನೇ ಬಿಡುವ ಗುರುತಿನ ಸದ್ದಿಗಿಂತ ನಮ್ಮ ದನಿ ಜೋರಾಗಬಾರದೆಂದು ಕಲಿಸಿದವರೂ ಸಾರೇ. ನಾಚಿಕೆಯಿಂದ ತಿರುಪನ್ನು ಐದಕ್ಕೆ ಇಳಿಸಿದೆ. ಆಗ ತೆಳ್ಳಗೆ, ತುಸು ನಡುಗುತ್ತ, ನನ್ನ ಹೆಸರು ಕರೆಯುವ ದನಿಯೊಂದು ಮೇಲೆದ್ದಿತು. ನನಗೆ ನಿಜಕ್ಕೂ ಕಣ್ಣು ತುಂಬಿದವು. ಊಟ, ಆರೋಗ್ಯ, ಬಿಸಿಲು ಎಲ್ಲ ಮಾತಾಡಿದೆವು. ಆಮೇಲೆ ಸಾರು ಮೆಲ್ಲಗೆ ಕೇಳಿದರು.

"ಇವತ್ತು ಯಾರೋ ಮೋಟ್ರು ತಗದಂಗೈತಿ. ಯಾರಂತ ತಿಳೀತೇನಪ?"

ಉಪಗ್ರಹ ಮುಳುಗುತ್ತಿದೆ ಸಾರ್, ಸರಿಯಾಗಿ ಕೇಳಿಸುತ್ತಿಲ್ಲ ಎಂದು ಹೇಳಿ ಸ್ವಿಚ್ಚು ಆರಿಸಿದೆ. ಆಗ ಅದು ಆದೋನಿಯ ನೆತ್ತಿಯ ಮೇಲಿತ್ತು. ಪತ್ತಿಕೊಂಡದ ಸಾರಿಗೂ ಅದು ನೆತ್ತಿಯ ಮೇಲೇ ಇತ್ತೆಂಬುದು ನನಗೆ ಹೊಳೆದದ್ದು ಸ್ವಿಚ್ಚು ಆರಿಸಿದ ಮೇಲೆ.