ಹೊತ್ತಗೆಯ ಕೈಪಿಡಿಗಾಗಿ ನಡೆದ ಘೋರ ಸಮರ

ಸರ್ವರೂ ಕೋಡ್ ಬರೆಯುವ, ಆದರೆ ಒಬ್ಬರೂ ಕೈಪಿಡಿ ಬರೆಯದ ಕಲಿಯುಗವೇ, ಕಿವಿಗೊಡು! ಧಾರವಾಡ-ಸಪ್ತಾಪುರ-ಮಹಡಿಕೋಣೆ-ಸಿಂಹಾಸನಾಧೀಶ್ವರನೂ, ತಂತ್ರಾಂಶದೋಷ-ಕುಲಾಂತಕನೂ, ತೊಳೆಯದ-ಚಹಾಲೋಟ-ಪರಿವೇಷ್ಟಿತನೂ ಆದ ಗುರುಸಿದ್ಧ ಹೊಂಬಳನ ಪರಾಕ್ರಮವನ್ನು ಹೇಳುವೆನು.

ಊರೂರ ಗ್ರಂಥಾಲಯಗಳು ಪುಸ್ತಕ ಕೊಟ್ಟು ಪಡೆಯಲೆಂದು ಆ ಮಹಾನುಭಾವನು ಎಂಟು ಸಂವತ್ಸರ ತಪಗೈದು ‘ಹೊತ್ತಗೆ’ ಎಂಬ ತಂತ್ರಾಂಶವನ್ನು ಕಟ್ಟಿ, ಲೋಕಕ್ಕೆ ಮುಕ್ತವಾಗಿ ಧಾರೆಯೆರೆದಿದ್ದನು. ಲೋಕವೋ, ತಿರುಗಿಯೂ ನೋಡಿರಲಿಲ್ಲ. ಕಡೆಗೆ ಒಂದು ಶನಿವಾರ ರೋಣದ ಗ್ರಂಥಪಾಲಕಿ ನೀಲವ್ವ ಬರೆದಳು: “ನಿಮ್ಮ ಹೊತ್ತಗೆ ಹಾಕ್ಕೊಂಡೀನ್ರಿ. ಬಳಸೂದು ಹೆಂಗಂತ ಬರದದ್ದು ಏನರ ಇದ್ರ ಕಳಸ್ರಿ. ಸೋಮವಾರ ಕಮಿಟಿಯವ್ರು ಬರ್ತಾರ. ಚಾಲೂ ಆಗಲಿಲ್ಲಂದ್ರ ಬ್ಯಾರೇದ್ದು ತರ್ತಾರಂತ.” ಎಂಟು ವರ್ಷದಲ್ಲಿ ಬಂದ ಮೊದಲ ಪತ್ರ ಅದು. ಈ ಒಬ್ಬಳೂ ಕೈತಪ್ಪಿದರೆ ಗತಿಯೇನೆಂದು ವೀರನು ಆ ಕ್ಷಣವೇ ತನ್ನ ಸೇನೆಯನ್ನು ಮಹಡಿಕೋಣೆಗೆ ಕರೆಸಿದನು.

ಹೊತ್ತಗೆಯ ಮಹಾಸೇನೆಯಲ್ಲಿ ಇದ್ದವರು ಇಬ್ಬರು. ಎರಡನೆಯವಳು ಅಲ್ಪವಿರಾಮ-ಪಾಲನ-ಧುರಂಧರೆ ಮಂದಾಕಿನಿ. ಅವಳು ಗರ್ಜಿಸಿದಳು: “ಎಲೈ ಗುರುಸಿದ್ಧ! ಕೈಪಿಡಿಯನ್ನು ಕೈಯಾರೆ ಬರೆಯತಕ್ಕದ್ದು! ಓದುವವರ ಮನವರಿತು ಪುಟಪುಟವಾಗಿ ರಚಿಸುವೆನು. ಮೂರು ತಿಂಗಳು ಕೊಡು!”

“ಮೂರು ತಿಂಗಳೇ!” ಎಂದು ವೀರನು ಮೇಜು ಗುದ್ದಿದನು. “ಕೋಡ್ ಬದಲಾದೊಡನೆ ನಿನ್ನ ಗ್ರಂಥ ಹಳಸಿದ ಅನ್ನ! ಕೋಡಿನ ಒಡಲಲ್ಲೇ ನಾನು ಟಿಪ್ಪಣಿಗಳನ್ನು ಬಿತ್ತಿರುವೆನು. ಗುಂಡಿಯೊತ್ತಿದರೆ ಯಂತ್ರವೇ ಅವನ್ನು ಹೆಕ್ಕಿ ಮಹಾಗ್ರಂಥವನ್ನು ಹಡೆಯುವುದು!”

ಸೇನೆಯ ನಿಯಮದಂತೆ ಮತಕ್ಕೆ ಹಾಕಿದರು. ಒಂದಕ್ಕೆ ಒಂದು. ಚಹಾ ಕುಡಿದು ಮತ್ತೆ ಹಾಕಿದರು. ಮತ್ತೆ ಒಂದಕ್ಕೆ ಒಂದು. ಏಳನೆಯ ಸಲ ಮಂದಾಕಿನಿ ಬೇಸತ್ತು, “ಒತ್ತೋ ಮಾರಾಯಾ ನಿನ್ನ ಗುಂಡಿ, ನನಗ ಬಸ್ಸಿಗೆ ಹೊತ್ತಾತು” ಎಂದಳು.

ಒತ್ತಿದನು. ದಿಕ್ಕುಗಳು ನಡುಗಿದವು, ಲ್ಯಾಪ್‌ಟಾಪಿನ ಫ್ಯಾನು ಭೋರ್ಗರೆಯಿತು, ಮುನ್ನೂರ ಹನ್ನೆರಡು ಪುಟಗಳ ಗ್ರಂಥವು ಅವತರಿಸಿತು. ಮೊದಲ ಪುಟ: ‘ಪುಸ್ತಕ ಕೊಡುವುದು. ವಿವರಣೆ: ಆಮೇಲೆ ಬರೆಯುವೆ. ಗು. ಹೊಂ.’ ಎರಡನೆಯ ಪುಟ: ‘ಪುಸ್ತಕ ಮರಳಿ ಪಡೆಯುವುದು. ವಿವರಣೆ: ಆಮೇಲೆ ಬರೆಯುವೆ. ಗು. ಹೊಂ.’ ನೂರಾ ನಾಲ್ಕನೆಯದರಲ್ಲಿ ಮಾತ್ರ ‘ಇದು ಹೇಗೆ ನಡೆಯುತ್ತದೋ ತಿಳಿಯದು, ಮುಟ್ಟಬೇಡಿ’ ಎಂದಿತ್ತು. ಉಳಿದುದೆಲ್ಲ ಆಮೇಲೆ.

“ಗುಡ್ಡಾ ಅಗದು ಇಲಿ ಹಿಡದ್ರು ಅಂತಾರ. ಇಲ್ಲಿ ಇಲಿನೂ ಇಲ್ಲಲೋ” ಎಂದಳು ಮಂದಾಕಿನಿ. ಗುರುಸಿದ್ಧನಿಗೆ ತಲೆಯೆತ್ತಲಾಗಲಿಲ್ಲ. ಎಂಟು ವರ್ಷ ಮುಂದೆ ದೂಡುತ್ತ ಬಂದವನು ತಾನೇ.

ಅಷ್ಟರಲ್ಲಿ ನೀಲವ್ವನ ಫೋನು ಬಂದಿತು. “ಸರ, ಬರದದ್ದು ಇಲ್ಲಂದ್ರ ಇರ್ಲ್ರಿ. ಮೊದಲ ಏನ್ ಒತ್ತಬೇಕ್ರಿ?”

“ಹಸಿರು ಚಿತ್ರ ಎರಡು ಸಲ ಒತ್ರಿ,” ಎಂದನು ಸಣ್ಣ ದನಿಯಲ್ಲಿ. “ನಿಮ್ಮ ಹೆಸರು ಹಾಕ್ರಿ. ಪುಸ್ತಕದ ನಂಬರ್ ಬರೀರಿ. ‘ಕೊಡು’ ಅಂತ ಐತಲ್ಲ, ಅದನ್ನ ಒತ್ರಿ.” ಬಸ್ಸು ತಪ್ಪಿಸಿಕೊಂಡ ಮಂದಾಕಿನಿ ಅವನ ಮಾತನ್ನು ಅಲ್ಪವಿರಾಮಸಮೇತ ಬರೆದುಕೊಂಡಳು.

ಅತ್ತ ಕಡೆ ಟಕಟಕನೆ ಒತ್ತಿದ ಸದ್ದು. ಆಮೇಲೆ, “ಆತ್ರಿ ಸರ, ಬಂತ್ರಿ! ಬರೇ ಇಷ್ಟ ಇತ್ತೇನ್ರಿ?”

“ಇಷ್ಟ ರೀ” ಎಂದನು ದೋಷಕುಲಾಂತಕನು.

ಆ ನಾಲ್ಕು ಸಾಲುಗಳನ್ನೇ ಕೈಪಿಡಿಯೆಂದು ಮತಕ್ಕೆ ಹಾಕಿದರು. ಎರಡಕ್ಕೆ ಸೊನ್ನೆ. ಐದನೆಯ ಸಾಲಾಗಿ ವೀರನು ‘ಉಳಿದದ್ದು ಆಮೇಲೆ’ ಎಂದು ಬೆರಳಚ್ಚಿಸಹೊರಟನು. ಮಂದಾಕಿನಿ ಅವನ ಕೈಮೇಲೆ ಪಟ್ಟನೆ ಒಂದು ಕೊಟ್ಟಳು.